ಕಂಪನಿಯವರು ನನ್ನ ಕ್ಲಿನಿಕ್ ನೋಡಲು ಬಂದದ್ದು

ನಗುವ ಸಂಗತಿ ಬೇಕೆಂದು ಡಾಕ್ಟರಾದವನು ಎಲ್ಲಿಗೂ ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದು ತಾನಾಗಿಯೇ ಬೆಳಿಗ್ಗೆ ಒಂಬತ್ತೂವರೆಗೆ ಬಸ್ಸಿಳಿದು ಬಂದು, ಜಗಲಿಯಲ್ಲಿ ಚಪ್ಪಲಿ ಬಿಟ್ಟು, ಎದುರಿನ ಸ್ಟೂಲಿನ ಮೇಲೆ ಕೂತು, ‘ಸಾರ್, ಮೂರು ದಿನದಿಂದ ಯಾಕೋ ಸರೀಗಿಲ್ಲ’ ಎನ್ನುತ್ತದೆ. ನಲವತ್ತಾರು ವರ್ಷದಿಂದ ಹೀಗೇ ಆಗುತ್ತಿದೆ. ಸರ್ಕಾರಿ ಕೆಲಸದಲ್ಲಿ ಪಾವಗಡ, ಬರಗೂರು, ಚನ್ನರಾಯನದುರ್ಗ ಎಂದು ಸುತ್ತುತ್ತಿದ್ದಾಗಲೂ ಆಯಿತು. ನಿವೃತ್ತನಾಗಿ ಮಧುಗಿರಿಯ ಒಂದು ಗಲ್ಲಿಯಲ್ಲಿ ಎರಡು ಕೋಣೆಯ ಕ್ಲಿನಿಕ್ ತೆರೆದ ಮೇಲೂ ನಿಂತಿಲ್ಲ.

ನನಗೀಗ ಎಪ್ಪತ್ತೆರಡು. ಅಭಿಪ್ರಾಯಗಳು ಚೆನ್ನಾಗಿ ಬಲಿತಿವೆ. ತಂತ್ರಜ್ಞಾನದ ಬಗ್ಗೆ ಹೇಳುವುದಾದರೆ, ಚಾರ್ಜಿಗೆ ಹಾಕಬೇಕಾದ ಯಾವುದನ್ನೂ ಕರೆಂಟು ಹೋಗುವ ಊರಿನಲ್ಲಿ ನಂಬಬಾರದು. ವೈದ್ಯಕೀಯದ ಬಗ್ಗೆ ಹೇಳುವುದಾದರೆ, ರೋಗಿಯ ಮಾತನ್ನು ಹತ್ತು ನಿಮಿಷ ಬಾಯಿ ಮುಚ್ಚಿಕೊಂಡು ಕೇಳಿದರೆ ಅರ್ಧ ಕಾಯಿಲೆಗಳು ಬೇಜಾರಾಗಿ ತಾವೇ ಎದ್ದು ಹೋಗುತ್ತವೆ. ವ್ಯಾಪಾರದ ಬಗ್ಗೆಯಂತೂ ನನ್ನದು ಒಂದೇ ಮಾತು: ರೋಗಿಯನ್ನು ‘ಕಸ್ಟಮರ್’ ಎಂದು ಕರೆಯುವವನಿಗೆ ಮೊದಲು ಒಂದು ಇಂಜೆಕ್ಷನ್ ಕೊಡಬೇಕು, ದಪ್ಪ ಸೂಜಿಯಲ್ಲಿ.

ಇಂಥ ನನ್ನ ಹತ್ತಿರ ಹೋದ ವರ್ಷ ಬೆಂಗಳೂರಿನ ಒಂದು ಆರೋಗ್ಯ ಕಂಪನಿಯ ಮ್ಯಾನೇಜರ್ ಟೈ ಕಟ್ಟಿಕೊಂಡು ಬಂದ. ನನ್ನ ಕ್ಲಿನಿಕ್ಕನ್ನು ಅವರು ತೆಗೆದುಕೊಳ್ಳುತ್ತಾರಂತೆ. ಗಾಜಿನ ಬಾಗಿಲು, ಏಸಿ, ಹೊಸ ಡಾಕ್ಟರು, ಎಲ್ಲ ಅವರದೇ. ನಾನು ಹಾಯಾಗಿ ಮನೆಯಲ್ಲಿರಬಹುದು. ಹೊರಗಿನ ಬೋರ್ಡಿನ ಮೇಲೆ ನನ್ನ ದೊಡ್ಡ ಫೋಟೋ ಮಾತ್ರ ಇರುತ್ತದೆ.

‘ಅಯ್ಯಾ, ನಮ್ಮ ಕಡೆ ಫ್ಲೆಕ್ಸಿನಲ್ಲಿ ಫೋಟೋ ಹಾಕೋದು ಎಲೆಕ್ಷನ್ನಿಗೆ, ಇಲ್ಲ ಭಾವಪೂರ್ಣ ಶ್ರದ್ಧಾಂಜಲಿಗೆ. ನಾನು ಎಲೆಕ್ಷನ್ನಿಗಂತೂ ನಿಂತಿಲ್ಲ’ ಎಂದೆ. ಆತ ಅದನ್ನೂ ಲ್ಯಾಪ್‌ಟಾಪಿನಲ್ಲಿ ಬರೆದುಕೊಂಡ.

ಕೊಡುವ ಮನಸ್ಸು ನನಗೆ ಎಳ್ಳಷ್ಟೂ ಇರಲಿಲ್ಲ. ಆದರೆ ನನ್ನ ಹೆಂಡತಿಗಿತ್ತು. ಆಕೆ ರಿಟೈರಾದ ಹೆಡ್‌ಮಿಸ್ಟ್ರೆಸ್ಸು. ‘ರೀ, ಬೇರೆಯವರ ಮಂಡಿನೋವು ನೋಡ್ತಾ ನೋಡ್ತಾ ನಿಮ್ಮ ಮಂಡಿ ಸವೆದುಹೋಯ್ತು. ಕೊಟ್ಟು ಮನೆಯಲ್ಲಿರಿ’ ಎಂದಳು. ಮೂರು ತಿಂಗಳು ಕಂಪನಿಯ ಸಲಕರಣೆ ಬಳಸಿ ನೋಡುವುದು, ಆಮೇಲೆ ಅವರ ದೊಡ್ಡವರು ಬಂದು ಕ್ಲಿನಿಕ್ ನೋಡಿ ಸಹಿ ಹಾಕಿಸಿಕೊಳ್ಳುವುದು ಎಂದು ತೀರ್ಮಾನವಾಯಿತು. ತೀರ್ಮಾನ ಮಾಡಿದ್ದು ಆಕೆ, ತಲೆಯಾಡಿಸಿದ್ದು ನಾನು.

ಸರ್ಕಾರಿ ಆಸ್ಪತ್ರೆಯ ಕಾಲದಿಂದಲೂ, ಇಪ್ಪತ್ತೇಳು ವರ್ಷದಿಂದ ನನ್ನ ಜೊತೆಗಿರುವ ಕಾಂಪೌಂಡರ್ ಆವತ್ತು ಮಧ್ಯಾಹ್ನ ಡಬ್ಬಿಯ ಮುಚ್ಚಳವನ್ನೇ ತೆಗೆಯಲಿಲ್ಲ. ‘ಗಾಜಿನ ಬಾಗ್ಲು ಬಂದ್ರೆ ನಾನೆಲ್ಲಿ ಕುಂತ್ಕಳ್ಲಿ ಸಾರ್?’ ಎಂದು ಕೇಳಿದ. ನನಗೂ ಊಟ ಸೇರಲಿಲ್ಲ.

೧. ಮಂಡಿಯ ಮಾತು

ಕಂಪನಿಯ ಮೊದಲ ಸಲಕರಣೆ ಬೆಂಕಿಪೊಟ್ಟಣದಷ್ಟಿತ್ತು. ಎದೆಯ ಮೇಲಿಟ್ಟರೆ ಎದೆಬಡಿತದ ಗೆರೆ ಮೊಬೈಲಿನಲ್ಲಿ ಕಾಣುತ್ತದೆ. ‘ಇನ್ನು ಸ್ಟೆತಾಸ್ಕೋಪ್ ಬೀರುವಿಗೆ ಹಾಕಿಬಿಡಿ ಸರ್’ ಎಂದ ಮ್ಯಾನೇಜರ್.

ಪಾಪ, ಆತನಿಗೆ ನಮ್ಮ ಕಡೆಯ ಶಾಸ್ತ್ರ ಗೊತ್ತಿಲ್ಲ. ಇಲ್ಲಿ ಸ್ಟೆತಾಸ್ಕೋಪ್ ಎದೆಗೆ ಮಾತ್ರ ಇರುವುದಲ್ಲ, ಎಲ್ಲಿ ನೋವಿದೆಯೋ ಅಲ್ಲಿ ಇಡಬೇಕು. ಇಡದಿದ್ದರೆ ಡಾಕ್ಟರು ನೋಡಿದ ಹಾಗೇ ಅಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ತಿಳಿಸಿ ಹೇಳಲು ಹೋಗಿ ಸೋತಿದ್ದೆ. ಆಮೇಲೆ ಸೊಂಟಕ್ಕೆ ಇಟ್ಟಿದ್ದೇನೆ, ದವಡೆಗೆ ಇಟ್ಟಿದ್ದೇನೆ, ಒಮ್ಮೆ ಕೈಮುರಿದವನ ಸಿಮೆಂಟು ಪಟ್ಟಿಯ ಮೇಲೂ ಇಟ್ಟಿದ್ದೇನೆ.

ಕೊರಟಗೆರೆ ಕಡೆಯ ಅಜ್ಜಿಯೊಬ್ಬರು ತಿಂಗಳಿಗೊಮ್ಮೆ ಮಂಡಿನೋವೆಂದು ಬರುತ್ತಾರೆ. ಆ ದಿನವೂ ಬಂದರು. ಬೆಂಕಿಪೊಟ್ಟಣ ತೋರಿಸಿದೆ. ‘ಇದೇನಪ್ಪ, ಸಾಬೂನು ಬಿಲ್ಲೆ ಇದ್ದಂಗೈತೆ. ನಿಂದು ಉದ್ದಂದು ಎಲ್ಲಿ?’ ಎಂದರು.

ಬೀರುವಿನಿಂದ ಸ್ಟೆತಾಸ್ಕೋಪ್ ಬಂತು. ಮಂಡಿಯ ಮೇಲೆ ಇಟ್ಟೆ. ‘ಸರ್, ಇದು ಸೈಂಟಿಫಿಕ್ ಅಲ್ಲ’ ಎಂದು ಮ್ಯಾನೇಜರ್ ಪಕ್ಕದಲ್ಲಿ ನಿಂತು ಪಾಠ ಶುರುಮಾಡಿದ. ನಾನು ಆತನ ಕಡೆ ತಿರುಗಿ ಉತ್ತರ ಕೊಡುತ್ತಿದ್ದೆ. ಕಿವಿಗೆ ಹಾಕಿಕೊಳ್ಳುವ ಕೊಳವೆಗಳು ಕತ್ತಿನಲ್ಲೇ ನೇತಾಡುತ್ತಿದ್ದವು.

ಅಜ್ಜಿ ನನ್ನ ಕೈಗೆ ಪಟ್ ಎಂದು ಹೊಡೆದರು. ‘ಕಿವೀಗಿಟ್ಕಳಪ್ಪ! ಬೆಳಿಗ್ಗಿಂದ ಈ ಮಂಡಿ ಏನೋ ಹೇಳ್ತೈತೆ. ನೀನು ಅದರ ಮಾತು ಬುಟ್ಟು ಈ ಟೈಯಪ್ಪನ ಮಾತು ಕೇಳ್ತಾ ಕುಂತಿದ್ದೀಯ!’

೨. ಏಳನೇ ನಂಬರು

ನನ್ನ ಕ್ಲಿನಿಕ್ಕಿನಲ್ಲಿ ಸರತಿಗೆ ನಿಲ್ಲುವುದು ಜನರಲ್ಲ, ಚಪ್ಪಲಿಗಳು. ಮೊದಲು ಬಂದವರ ಜೋಡು ಬಾಗಿಲ ಹತ್ತಿರ, ಅದರ ಹಿಂದೆ ಮುಂದಿನವರದು. ಜೋಡು ಬಿಟ್ಟು ಜನ ಟೀ ಕುಡಿಯಲು ಹೋಗುತ್ತಾರೆ, ಸಂತೆಗೂ ಹೋಗಿ ಬರುತ್ತಾರೆ. ಒಬ್ಬರು ಒಳಗೆ ಹೋದರೆ ಹಿಂದಿನ ಜೋಡುಗಳನ್ನು ಯಾರಾದರೂ ಕಾಲಿನಲ್ಲಿ ಮುಂದೆ ತಳ್ಳುತ್ತಾರೆ. ಇಷ್ಟು ವರ್ಷದಲ್ಲಿ ಒಂದು ದಿನವೂ ಜಗಳವಾಗಿರಲಿಲ್ಲ.

ಕಂಪನಿ ಟೋಕನ್ ಮಿಷನ್ ತಂದಿತು. ಗುಂಡಿ ಒತ್ತಿದರೆ ಚೀಟಿ. ಗೋಡೆಯ ಮೇಲೆ ಕೆಂಪು ಅಂಕಿ. ಒಳಗಿನಿಂದ ಹೆಣ್ಣುದನಿಯೊಂದು ‘ಟೋಕನ್ ಸಂಖ್ಯೆ ನಾಲ್ಕು, ದಯವಿಟ್ಟು ಒಳಗೆ ಬನ್ನಿ’ ಎನ್ನುತ್ತಿತ್ತು. ಮೊದಲ ದಿನ ಒಬ್ಬ ಗೌಡರು ಆ ದನಿಗೆ ಎದ್ದುನಿಂತು ಕೈಮುಗಿದು, ‘ಹೊರಗೆ ಬಂದು ಕರೀಯವ್ವ, ಒಳಗ್ಯಾಕೆ ಕುಂತಿದ್ದೀಯ? ನಾವೇನು ಬೇರೆಯವ್ರಾ?’ ಎಂದರು.

ಚೀಟಿ ಸಿಕ್ಕಿದ ಮೇಲೂ ಜನ ಚಪ್ಪಲಿ ಸಾಲನ್ನು ಬಿಡಲಿಲ್ಲ. ಎರಡನ್ನೂ ಸೇರಿಸಿದರು. ಚೀಟಿಯನ್ನು ಮಡಿಸಿ ಚಪ್ಪಲಿಯೊಳಗೆ ತುರುಕಿ ಸಾಲಿನಲ್ಲಿಟ್ಟು ಟೀ ಕುಡಿಯಲು ಹೋದರು. ‘ಈಗ ಗಟ್ಟಿಯಾಯ್ತು ನೋಡಿ ಸಾರ್’ ಎಂದ ಕಾಂಪೌಂಡರ್, ಸಮಾಧಾನದಿಂದ.

ಮೂರನೇ ದಿನ ಗಲ್ಲಿಯ ನಾಯಿ ಒಂದು ಚಪ್ಪಲಿಯನ್ನು ಕಚ್ಚಿಕೊಂಡು ಹೋಯಿತು. ಮಿಷನ್ ‘ಟೋಕನ್ ಸಂಖ್ಯೆ ಏಳು’ ಎಂದು ಕೂಗಿತು. ಯಾರೂ ಬರಲಿಲ್ಲ. ಮತ್ತೆ ಕೂಗಿತು. ಏಳು ಬರದೆ ಎಂಟನ್ನು ಕರೆಯುವುದು ಅದಕ್ಕೆ ಗೊತ್ತಿಲ್ಲ. ಜಗಲಿಯಲ್ಲಿ ಮೂವತ್ತು ಜನ ಕೂತಿದ್ದಾರೆ, ಒಳಗೆ ನಾನು ಸುಮ್ಮನೆ ಕೂತಿದ್ದೇನೆ, ಗೋಡೆಯ ಮೇಲೆ ಏಳು ಮಿನುಗುತ್ತಿದೆ. ಮ್ಯಾನೇಜರ್ ಬೆಂಗಳೂರಿಗೆ ಫೋನ್ ಹಚ್ಚಿದ.

ಅರ್ಧ ಗಂಟೆಯ ಮೇಲೆ ಏಳನೇ ನಂಬರಿನವನು ಒಂದು ಕೈಯಲ್ಲಿ ಚಪ್ಪಲಿ ಹಿಡಿದು, ಮೈಯೆಲ್ಲ ಬೆವರು ಸುರಿಸಿಕೊಂಡು ಬಂದ. ಹೊಳೆ ದಾರಿಯವರೆಗೂ ನಾಯಿಯ ಹಿಂದೆ ಓಡಿದ್ದನಂತೆ. ಜ್ವರವೆಂದು ಬಂದಿದ್ದವನು. ಥರ್ಮಾಮೀಟರ್ ಇಟ್ಟು ನೋಡಿದರೆ ಜ್ವರವೇ ಇಲ್ಲ.

‘ಬೆವತು ಬುಟ್ಟೋಯ್ತು ಅನ್ಸುತ್ತೆ ಸಾರ್’ ಎಂದು ಆತ ಗೋಡೆಯ ಮಿಷನ್ನಿಗೆ ನಮಸ್ಕಾರ ಮಾಡಿದ. ‘ಏನೋ ಅಂದ್ಕಂಡಿದ್ದೆ, ಈ ಮಿಷನ್ನು ವಾಸಿನೂ ಮಾಡುತ್ತೆ!’

೩. ಬಂಡೆಯ ಮೇಲಿನ ರೋಗಿ

ಆಮೇಲೆ ವಿಡಿಯೋ ಬಂತು. ದೂರದ ರೋಗಿ ಬಸ್ಸು ಹತ್ತಿ ಬರಬೇಕಾಗಿಲ್ಲ, ಊರಿನಲ್ಲೇ ಮೊಬೈಲಿನ ಮುಂದೆ ನಿಂತರೆ ನಾನು ಇಲ್ಲಿಂದಲೇ ನೋಡಬಹುದು. ಮುಟ್ಟದೆ ನೋಡುವುದು ಡಾಕ್ಟರ ಕೆಲಸವಲ್ಲ, ಹೆಣ್ಣು ನೋಡಲು ಬಂದವರ ಕೆಲಸ ಎಂದು ನಾನು ಗೊಣಗಿದೆ. ಯಾರೂ ಕೇಳಲಿಲ್ಲ.

ಮೊದಲ ಕರೆ ಚನ್ನರಾಯನದುರ್ಗದ ಒಬ್ಬ ರೈತನಿಂದ. ಪರದೆ ಬೆಳಗಿತು. ಆತ ಬಾಯಿ ತೆರೆದು ಏದುಸಿರು ಬಿಡುತ್ತಿದ್ದ. ಮುಖ ಕೆಂಪಾಗಿ ಬೆವರು ಇಳಿಯುತ್ತಿತ್ತು. ಒಂದು ಕೈ ಎದೆಯ ಮೇಲಿತ್ತು. ‘ಸಾ... ಸಾರ್...’ ಎಂದ. ಮುಂದೆ ಮಾತು ಹೊರಡಲಿಲ್ಲ.

‘ಮಾತಾಡಬೇಡ! ಹಾಗೇ ಕೂತುಕೋ!’ ಎಂದು ಕೂಗಿ ನಾನೇ ಆಂಬುಲೆನ್ಸಿಗೆ ಫೋನ್ ಮಾಡಿದೆ. ಮ್ಯಾನೇಜರ್ ಮುಖ ಅರಳಿತು. ‘ನೋಡಿದಿರಾ ಸರ್? ವಿಡಿಯೋ ಇಲ್ಲದಿದ್ದರೆ ಒಂದು ಜೀವ ಹೋಗುತ್ತಿತ್ತು!’ ಎಂದ. ನನ್ನ ಅಭಿಪ್ರಾಯಗಳಲ್ಲಿ ಒಂದನ್ನು ಬದಲಾಯಿಸಿಕೊಳ್ಳಬೇಕೇನೋ ಎಂದು ನನಗೂ ಅನಿಸಿತು.

ಹತ್ತು ನಿಮಿಷ ಕಳೆಯಿತು. ರೈತನ ಉಸಿರು ತಾನಾಗಿ ಹದಕ್ಕೆ ಬಂತು. ಬಣ್ಣ ತಿಳಿಯಾಯಿತು. ಟವೆಲಿನಲ್ಲಿ ಮುಖ ಒರೆಸಿಕೊಂಡು ಕೇಳಿದ: ‘ಈಗ ಹೇಳ್ಲಾ ಸಾರ್?’

‘ಎದೆನೋವು ಯಾವಾಗಿನಿಂದ?’

‘ಎದೆನೋವಾ? ಅಂಥದ್ದೇನಿಲ್ಲ ಸಾರ್. ತೊಡೆ ಸಂದೀಲಿ ಹುಳುಕಡ್ಡಿ.’

‘ಮತ್ತೆ ಆ ಏದುಸಿರು?’

‘ಊರಲ್ಲಿ ಸಿಗ್ನಲ್ ಸಿಗಲ್ಲ ಸಾರ್. ನೀವು ವಿಡಿಯೋದಲ್ಲೇ ಬಾ ಅಂದ್ರಲ್ಲ, ಅದಕ್ಕೇ ದುರ್ಗದ ಮ್ಯಾಕೆ ಹತ್ಬುಟ್ಟು ಬಂದೆ.’ ಮೊಬೈಲ್ ತಿರುಗಿಸಿ ತೋರಿಸಿದ. ಕೆಳಗೆ ಅವನ ಊರು ಅಂಗೈಯಷ್ಟು ಕಾಣುತ್ತಿತ್ತು.

ಊರಿನ ಸುದ್ದಿಯೆಲ್ಲ ಮುಗಿದು ಹುಳುಕಡ್ಡಿಗೆ ಬರುವಷ್ಟರಲ್ಲಿ ಅರ್ಧ ಗಂಟೆಯಾಯಿತು. ಆಗ ಪರದೆಯಲ್ಲಿ ಇನ್ನಿಬ್ಬರು ಬಂದರು. ಆಂಬುಲೆನ್ಸಿನವರು, ಊರವರನ್ನು ಕೇಳಿಕೊಂಡು, ಸ್ಟ್ರೆಚರ್ ಹೊತ್ತು ಬೆಟ್ಟ ಹತ್ತಿದ್ದರು. ಬಂದವರೇ ಎದೆ ಹಿಡಿದುಕೊಂಡು ಬಂಡೆಯ ಮೇಲೆ ಉರುಳಿದರು. ರೈತ ಅವರಿಗೆ ಟವೆಲಿನಿಂದ ಗಾಳಿ ಹಾಕುತ್ತಾ ನನ್ನ ಕಡೆ ನೋಡಿದ. ‘ಸಾರ್, ನನ್ನದು ಆಮೇಲೆ ನೋಡಿವ್ರಂತೆ. ಮೊದ್ಲು ಇವರಿಬ್ಬರ್ನ ನೋಡಿ!’

೪. ದರ್ಜಿಯ ದೊಡ್ಡ ಕಾಯಿಲೆ

ಶಿರಾದ ಒಬ್ಬ ದರ್ಜಿ ಸಾಹೇಬರು ನಾನು ಬರಗೂರಿನಲ್ಲಿದ್ದಾಗಿನಿಂದ ನನ್ನ ಪ್ಯಾಂಟು ಹೊಲಿಯುವವರು. ಕಂಪನಿಯವರು ಶಿರಾದಲ್ಲಿ ಶಿಬಿರ ಹಾಕಿ, ಗಂಡ ಪೂರ್ತಿ ದೇಹದ ತಪಾಸಣೆ ಮಾಡಿಸಿದರೆ ಹೆಂಡತಿಗೆ ಉಚಿತ ಎಂದು ಸಾರಿದ್ದರು. ದರ್ಜಿ ದಂಪತಿ ಇಬ್ಬರೂ ಮಾಡಿಸಿದರು. ಒಂದು ವಾರದ ಮೇಲೆ ಸಾಹೇಬರು ಸಪ್ಪೆಮುಖ ಹಾಕಿಕೊಂಡು ನನ್ನ ಹತ್ತಿರ ಬಂದರು.

ರಿಪೋರ್ಟು ನೋಡಿದೆ. ‘ಎಲ್ಲಾ ಚೆನ್ನಾಗಿದೆಯಲ್ಲ ಸಾಹೇಬರೇ!’

‘ಅದೇ ತಕರಾರು ಡಾಕ್ಟರ್ ಸಾಬ್’ ಎಂದರು. ‘ನಂದು ಹದಿನಾಲ್ಕು ಪೇಜು, ಒಂದು ಕೆಂಪು ಅಕ್ಷರ ಇಲ್ಲ. ಫ್ರೀಯಾಗಿ ಮಾಡಿಸ್ಕೊಂಡ ಬೀಬಿಗೆ ಮೂರು ಕೆಂಪು! ಈಗ ಮನೇಲಿ ಎಲ್ಲಾ ಅವಳ್ನೇ ವಿಚಾರಿಸ್ತಾರೆ. ಮಗಳು ಫೋನ್ ಮಾಡಿದ್ರೆ ಅಮ್ಮೀಜಾನ್ ಹೇಗಿದ್ದಾರೆ ಅಂತಾಳೆ. ಅವಳು ಕೂತ ಜಾಗಕ್ಕೆ ಚಾ. ಪಾತ್ರೆ ತೊಳೆಯೋನು ನಾನು. ನನಗೂ ಏನಾದ್ರೂ ಒಂದು ಬರ್ಕೊಡಿ. ಮನೇಲಿ ಇಜ್ಜತ್ತೇ ಹೋಗ್ಬಿಟ್ಟಿದೆ.’

ಇಲ್ಲದ ಕಾಯಿಲೆ ಬರೆದುಕೊಡುವುದು ನನ್ನ ಕೈಯಲ್ಲಾಗದು. ಆದರೆ ಹಳೆಯ ಸ್ನೇಹ. ತಲೆಯಿಂದ ಕಾಲಿನವರೆಗೆ ಹುಡುಕಿದೆ. ಕೊನೆಗೆ ಕಾಲಿನಲ್ಲೇ ಸಿಕ್ಕಿತು. ಅವರ ಅಂಗಾಲು ಹುಟ್ಟಿನಿಂದಲೇ ಚಪ್ಪಟೆ. ಅದರಿಂದ ಅವರಿಗೆ ಯಾವ ತೊಂದರೆಯೂ ಇರಲಿಲ್ಲ. ಅದಕ್ಕೆ ಪುಸ್ತಕದಲ್ಲಿ ‘ಪೆಸ್ ಪ್ಲೇನಸ್’ ಎಂದು ಹೆಸರು. ಹಾಳೆಯ ಮೇಲೆ ಕೆಂಪು ಇಂಕಿನಲ್ಲಿ ದೊಡ್ಡದಾಗಿ ಬರೆದು ಕೊಟ್ಟೆ. ಅದನ್ನು ಕಣ್ಣಿಗೊತ್ತಿಕೊಂಡು ಹೋದರು.

ಮುಂದಿನ ವಾರ ಮತ್ತೆ ಬಂದರು. ಮುಖ ಇನ್ನೂ ಇಳಿದಿತ್ತು. ಹಾಳೆಯನ್ನು ಮೇಜಿನ ಮೇಲಿಟ್ಟು, ‘ಡಾಕ್ಟರ್ ಸಾಬ್, ಇದು ವಾಪಸ್ ತಗೊಳ್ಳಿ’ ಎಂದರು.

‘ಯಾಕೆ? ಗೌರವ ಸಿಗಲಿಲ್ಲವೇ?’

‘ಎರಡು ದಿನ ಸಿಕ್ತು. ಮೂರನೇ ದಿನ ಬೀಬಿ ಮೊಬೈಲಲ್ಲಿ ನೋಡ್ಬಿಟ್ಲು. ಈ ಕಾಯಿಲೆಗೆ ಕಾಲಿಗೆ ವ್ಯಾಯಾಮ ಆಗ್ಬೇಕಂತೆ. ಪಾತ್ರೆ ಜೊತೆಗೆ ಈಗ ಮಾರ್ಕೆಟ್ಟು, ಹಾಲು, ನೀರಿನ ಕ್ಯಾನು ಎಲ್ಲಾ ನಂದೇ!’

೫. ಹದಿನೈದು ಸಾವಿರ ಹೆಜ್ಜೆ

ಪಾವಗಡದ ಕಡಲೆಕಾಯಿ ವ್ಯಾಪಾರಿಯೊಬ್ಬರಿಗೆ ನಡೆಯಿರಿ ಎಂದು ನಾನು ಹನ್ನೆರಡು ವರ್ಷದಿಂದ ಹೇಳುತ್ತಿದ್ದೆ. ಅವರು ಹನ್ನೆರಡು ವರ್ಷದಿಂದ ‘ಅಟ್ಲೇ ಸಾರ್, ರೇಪಟ್ನಿಂದ ಶುರು’ ಎನ್ನುತ್ತಿದ್ದರು. ರೇಪು ಎಂದರೆ ತೆಲುಗಿನಲ್ಲಿ ನಾಳೆ. ಅದು ಬಂದೇ ಇರಲಿಲ್ಲ.

ಕಂಪನಿ ಅವರ ಕೈಗೊಂದು ವಾಚು ಕಟ್ಟಿತು. ದಿನಕ್ಕೆಷ್ಟು ಹೆಜ್ಜೆ ನಡೆದರೆಂದು ಅದು ನೇರ ನನ್ನ ಮೇಜಿನ ಪರದೆಗೆ ಹೇಳುತ್ತದೆ. ‘ಇನ್ನೂ ನಡೆಯಿರಿ’ ಎಂದು ನನ್ನ ಹೆಸರಿನಲ್ಲಿ ಅವರಿಗೆ ದಿನಾ ಮೆಸೇಜೂ ಹೋಗುತ್ತದೆ. ಒಂದು ವಾರದಲ್ಲೇ ಪವಾಡ. ದಿನಕ್ಕೆ ಹದಿನೈದು ಸಾವಿರ ಹೆಜ್ಜೆ! ಮ್ಯಾನೇಜರ್ ಅವರ ಫೋಟೋವನ್ನು ಕಂಪನಿಯ ಆ್ಯಪಿನಲ್ಲಿ ಹಾಕಿಸಿದ. ‘ನೀವು ಹನ್ನೆರಡು ವರ್ಷದಲ್ಲಿ ಮಾಡಲಾಗದ್ದನ್ನು ವಾಚು ಏಳು ದಿನದಲ್ಲಿ ಮಾಡಿತು ಸರ್’ ಎಂದ. ನಾನು ಪೆಚ್ಚಾದೆ.

ತಿಂಗಳ ಕೊನೆಗೆ ವ್ಯಾಪಾರಿ ತಪಾಸಣೆಗೆ ಬಂದರು. ತೂಕ ಮೂರು ಕಿಲೋ ಹೆಚ್ಚಾಗಿತ್ತು. ಬಿಪಿಯೂ ಏರಿತ್ತು. ನನಗೆ ತಲೆ ಬುಡ ತಿಳಿಯಲಿಲ್ಲ. ಅವರು ಸ್ಟೂಲಿನ ಮೇಲೆ ಕೂತು ಬೀಸಣಿಗೆಯಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಪರದೆಯ ಕಡೆ ಕಣ್ಣು ಹಾಯಿಸಿದೆ. ಅವರ ಹೆಸರಿನ ಮುಂದೆ ಅಂಕಿ ಏರುತ್ತಿತ್ತು. ಎಂಟು ಸಾವಿರದ ಇನ್ನೂರ ಹತ್ತು, ಹನ್ನೊಂದು, ಹನ್ನೆರಡು...

‘ರೀ ಸ್ವಾಮಿ, ನೀವು ಇಲ್ಲಿ ಕೂತಿದ್ದೀರಿ. ನಿಮ್ಮ ಕಾಲು ಎಲ್ಲಿ ನಡೀತಿದೆ?’

ಅವರು ತಮ್ಮ ಬರಿಗೈ ನೋಡಿಕೊಂಡರು. ಪರದೆಯನ್ನೂ ನೋಡಿದರು. ಆಮೇಲೆ ದನಿ ತಗ್ಗಿಸಿದರು: ‘ಏಂ ಚೇಸೇದಿ, ಏನ್ ಮಾಡೋದು ಸಾರ್, ನಂಗೆ ಟೈಮೆಲ್ಲೈತೆ? ಮನೇಲಿ ಒಂದು ಟಗರೈತೆ. ಮೇಯಕ್ಕೆ ಹೋಗುತ್ತಲ್ಲ, ಅದರ ಕಾಲಿಗೆ ಕಟ್ಬುಟ್ಟಿದ್ದೀನಿ.’

ನಾನು ಪೆನ್ನು ಕೆಳಗಿಟ್ಟೆ. ಮ್ಯಾನೇಜರ್ ಮೊಬೈಲ್ ತೆಗೆದು ನೋಡಿದ. ಅವನ ಆ್ಯಪಿನಲ್ಲಿ ಫೋಟೋ ಇನ್ನೂ ಇತ್ತು. ವ್ಯಾಪಾರಿ ಎದ್ದು ಬಾಗಿಲವರೆಗೂ ಹೋಗಿ ತಿರುಗಿ ಬಂದರು.

‘ಸಾರ್, ನೀವು ದಿನಾ ಮೆಸೇಜು ಕಳ್ಸಿ ಇನ್ನೂ ನಡಿ, ಇನ್ನೂ ನಡಿ ಅಂತೀರಲ್ಲ, ಅದಕ್ಕೇ ಎರಡು ಹೊತ್ತು ಮೇಯಿಸ್ತಿದ್ದೀವಿ. ಪಾಪ, ಬಡವಾಗ್ಬುಟ್ಟೈತೆ. ಒಂದು ಟಾನಿಕ್ ಬರ್ಕೊಡ್ರಿ.’

೬. ನಾಲ್ಕು ದಿನದ ನಿವೃತ್ತಿ

ಮೂರು ತಿಂಗಳು ಮುಗಿಯುತ್ತಾ ಬಂತು. ಕಂಪನಿಯ ದೊಡ್ಡವರು ಬರುವ ದಿನ ಗೊತ್ತಾಯಿತು. ಅಷ್ಟರೊಳಗೆ ನಾಲ್ಕು ದಿನ ಮನೆಯಲ್ಲಿದ್ದು ಅಭ್ಯಾಸ ಮಾಡಿಕೊಳ್ಳಿ ಎಂದು ಹೆಂಡತಿ ಹೇಳಿದಳು. ಕ್ಲಿನಿಕ್ಕಿಗೆ ರಜಾ ಬೋರ್ಡು ಹಾಕಿಸಿದೆ.

ಮೊದಲ ದಿನ ಅಡುಗೆಮನೆಗೆ ಹೋಗಿ ಸಾರಿಗೆ ಹಾಕುವ ಉಪ್ಪನ್ನು ಚಮಚದಲ್ಲಿ ಅಳೆದೆ. ಉಪ್ಪಿನಕಾಯಿ ಜಾಡಿಯನ್ನು ಬಿಪಿಯ ದೃಷ್ಟಿಯಿಂದ ಅಟ್ಟದ ಮೇಲೆ ಬಚ್ಚಿಟ್ಟೆ. ಎರಡನೇ ದಿನ ಹಾಲು ಹಾಕಲು ಬಂದವಳ ನಾಲಿಗೆ ಚಾಚಿಸಿ ನೋಡಿದೆ. ಮೂರನೇ ದಿನ ಸಾಂಬಾರು ಡಬ್ಬಿಗಳಿಗೆಲ್ಲ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ, ಊಟಕ್ಕೆ ಮುಂಚೆ, ಊಟದ ನಂತರ ಎಂದು ಚೀಟಿ ಅಂಟಿಸಿದೆ. ನನ್ನ ಬರವಣಿಗೆ ಮೆಡಿಕಲ್ ಅಂಗಡಿಯವರಿಗೆ ಬಿಟ್ಟು ಯಾರಿಗೂ ಅರ್ಥವಾಗುವುದಿಲ್ಲ. ಆ ದಿನ ಪಾಯಸಕ್ಕೆ ಇಂಗು ಬಿತ್ತು.

ನಾಲ್ಕನೇ ದಿನ ಆಕೆಯ ಪಕ್ಕ ಕೂತು ಧಾರಾವಾಹಿ ನೋಡಿದೆ. ‘ಆ ಅತ್ತೆಗೆ ಥೈರಾಯ್ಡ್ ಇರಬೇಕು, ಕತ್ತು ನೋಡು. ಅದಕ್ಕೇ ಅಷ್ಟು ಕೂಗಾಡ್ತಾಳೆ. ಮಾತ್ರೆ ತಗೊಂಡ್ರೆ ಕತೆ ಇವತ್ತೇ ಮುಗಿಯುತ್ತೆ’ ಎಂದೆ.

ಆಕೆ ಟೀವಿ ಆರಿಸಿದಳು. ಕೊಡೆ ತೆಗೆದುಕೊಂಡು, ‘ಸ್ವಲ್ಪ ಹೊರಗೆ ಹೋಗಿ ಬರ್ತೀನಿ’ ಎಂದು ಹೋದವಳು ಎರಡು ಗಂಟೆ ಕಳೆದು ಬಂದಳು. ಮಳೆಯೂ ಇರಲಿಲ್ಲ, ಬಿಸಿಲೂ ಇರಲಿಲ್ಲ. ನಾನು ಕೇಳಲಿಲ್ಲ. ನನ್ನ ತಲೆಯಲ್ಲಿ ಮರುದಿನದ ಸಹಿಯೊಂದೇ ಇತ್ತು.

೭. ಎಲ್ಲರೂ ಆರೋಗ್ಯ

ಬೆಳಿಗ್ಗೆ ಜೇಬಿಗೆ ಪೆನ್ನು ಸಿಕ್ಕಿಸಿಕೊಂಡು ಹೊರಟೆ. ಕಾಲೇ ಬರಲಿಲ್ಲ. ಮಂಡಿನೋವಿನಿಂದಲ್ಲ, ದುಃಖದಿಂದ. ಇನ್ನು ಆ ಬಾಗಿಲು ನನ್ನದಲ್ಲ.

ಕಂಪನಿಯ ದೊಡ್ಡವರು ನೋಡಬೇಕೆಂದಿದ್ದದ್ದು ಒಂದೇ. ನನ್ನ ಹತ್ತಿರ ಎಷ್ಟು ರೋಗಿಗಳಿದ್ದಾರೆ, ಅದರಲ್ಲೂ ಸಕ್ಕರೆ ಕಾಯಿಲೆ, ಬಿಪಿ, ಉಬ್ಬಸ ಎಂದು ಜೀವನಪೂರ್ತಿ ಬರುವವರು ಎಷ್ಟು ಎಂಬುದು. ಅವರಿಗೆ ಬೇಕಾದದ್ದು ಅಂಥವರೇ. ನನ್ನ ಹತ್ತಿರ ಅಂಥವರು ಬೇಕಾದಷ್ಟಿದ್ದರು. ಹಾಗಾಗಿ ತಪ್ಪಿಸಿಕೊಳ್ಳುವ ದಾರಿಯೇ ಇರಲಿಲ್ಲ.

ಗಲ್ಲಿ ತಿರುಗಿದವನು ನಿಂತುಬಿಟ್ಟೆ. ಜಗಲಿ ಕಿಕ್ಕಿರಿದಿತ್ತು. ಆದರೆ ಎಲ್ಲರೂ ತಲೆಗೆ ಎಣ್ಣೆ ಹಚ್ಚಿ, ಮದುವೆಗೆ ಹೊರಟವರಂತೆ ಒಗೆದ ಬಟ್ಟೆ ಹಾಕಿದ್ದರು. ಹೆಂಗಸರು ಹೂ ಮುಡಿದಿದ್ದರು. ಗೋಡೆಗುಂಟ ಎರಡು ಸಾಲಿನಲ್ಲಿ, ಎತ್ತರದ ಪ್ರಕಾರ ಕೂತಿದ್ದರು. ಒಬ್ಬರೂ ನರಳುತ್ತಿರಲಿಲ್ಲ.

ದೊಡ್ಡವರ ಕಾರು ಬಂತು. ಗುಂಪು ನೋಡಿ ಅವರಿಗೆ ಸಂತೋಷವೋ ಸಂತೋಷ. ಮ್ಯಾನೇಜರ್ ಮೊದಲನೆಯವನನ್ನು ಕೇಳಿದ: ‘ನಿಮ್ಮ ಕಾಯಿಲೆ ಏನು?’

ಆತ ಎದ್ದುನಿಂತು ಕೈಕಟ್ಟಿದ. ‘ನಮಸ್ಕಾರ ಸಾರ್. ನನಗೆ ಯಾವ ಕಾಯಿಲೆಯೂ ಇಲ್ಲ ಸಾರ್.’

‘ಮತ್ತೆ ಯಾಕೆ ಬಂದಿರಿ?’

‘ಇಲ್ಲ ಅಂತ ಹೇಳಕ್ಕೆ ಬಂದೆ ಸಾರ್.’

ಎರಡನೆಯವರು ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆಯವರು. ‘ಸಕ್ಕರೆನಾ? ನಮ್ಮನೇಲಿ ಡಬ್ಬೀನೇ ಇಲ್ಲ ಸಾರ್’ ಎಂದರು. ಶಿರಾದ ದರ್ಜಿ ಸಾಹೇಬರು ಹದಿನಾಲ್ಕು ಪೇಜಿನ ರಿಪೋರ್ಟನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ‘ಒಂದು ಕೆಂಪು ಹುಡುಕಿ ತೋರ್ಸಿ’ ಎಂದು ಸವಾಲು ಹಾಕಿದರು. ಪಾವಗಡದ ವ್ಯಾಪಾರಿ, ‘ನಾನೂ ಬಾಗುನ್ನಾನು, ಟಗರೂ ಬಾಗುಂದಿ’ ಎಂದು ತೆಲುಗಿನಲ್ಲೇ ಇಬ್ಬರ ಕ್ಷೇಮವನ್ನೂ ತಿಳಿಸಿದರು.

ಉಬ್ಬಸದವನೊಬ್ಬನಿದ್ದ. ಕೆಮ್ಮು ತಡೆದುಕೊಂಡು ಅವನ ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಕಣ್ಣಲ್ಲಿ ನೀರು. ‘ನೀವು ಆರಾಮಾಗಿದ್ದೀರಾ?’ ಎಂದು ದೊಡ್ಡವರೇ ಗಾಬರಿಯಿಂದ ಕೇಳಿದರು. ಆತ ಬಾಯಿ ಬಿಡದೆ ಜೋರಾಗಿ ತಲೆಯಾಡಿಸಿದ. ಎದ್ದು ಶಿಸ್ತಿನಿಂದ ಕಾಂಪೌಂಡಿನ ಹಿಂದೆ ಹೋದ. ಅಲ್ಲಿಂದ ಎರಡು ನಿಮಿಷ ಟ್ರ್ಯಾಕ್ಟರ್ ಸ್ಟಾರ್ಟ್ ಮಾಡಿದಂಥ ಸದ್ದು ಬಂತು. ವಾಪಸು ಬಂದು ತನ್ನ ಜಾಗದಲ್ಲಿ ಕೂತು ನಕ್ಕ.

ಕೊರಟಗೆರೆ ಅಜ್ಜಿಗೆ ಬರೀ ಬಾಯಿಮಾತು ಸಾಲಲಿಲ್ಲ. ‘ಮಂಡಿ ಎಂಗೈತೆ ನೋಡಪ್ಪ ಟೈಯಪ್ಪ’ ಎಂದು ನಡುಜಗಲಿಗೆ ಬಂದು ಒಂದೇ ಏಟಿಗೆ ಕುಕ್ಕರುಗಾಲಿನಲ್ಲಿ ಕೂತುಬಿಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ‘ಈಗ ಏಳಿ ಅಜ್ಜಿ’ ಎಂದ ಮ್ಯಾನೇಜರ್.

ಅಜ್ಜಿಗೆ ಏಳಲಾಗಲಿಲ್ಲ. ಆದರೆ ನಗು ಬಿಡಲಿಲ್ಲ. ‘ಯಾಕಪ್ಪ ಏಳ್ಬೇಕು? ಇಲ್ಲೇ ತಣ್ಣಗೈತೆ’ ಎಂದರು.

ದೊಡ್ಡವರು ಮ್ಯಾನೇಜರನ್ನು ಪಕ್ಕಕ್ಕೆ ಕರೆದರು. ‘ಏನ್ರೀ ಇದು? ಈ ಊರಲ್ಲಿ ಒಬ್ಬರಿಗೂ ಒಂದು ಶೀತವೂ ಇಲ್ಲವಲ್ಲ. ಇಲ್ಲಿ ಬಂದು ನಾವು ಏನು ಮಾಡೋದು?’ ಎಂದರು. ನನ್ನ ಕೈಕುಲುಕಿದರು. ಇಷ್ಟು ಚೆನ್ನಾಗಿ ವಾಸಿಮಾಡುವ ಡಾಕ್ಟರಿಂದ ಕಂಪನಿಗೆ ಉಪಯೋಗವಿಲ್ಲವೆಂದು ಬಹಳ ಮರ್ಯಾದೆಯಿಂದ ಹೇಳಿ ಕಾರು ಹತ್ತಿದರು.

ಕಾರು ಗಲ್ಲಿ ತಿರುಗಿದ್ದೇ ತಡ, ಇಡೀ ಜಗಲಿ ಒಟ್ಟಿಗೆ ಕೆಮ್ಮಿತು. ತಡೆದಿಟ್ಟ ಸೀನು, ನರಳಾಟ, ಬಿಕ್ಕಳಿಕೆ ಎಲ್ಲ ಹೊರಗೆ ಬಿದ್ದವು. ನಡುವಿನಿಂದ ಅಜ್ಜಿಯ ಕೂಗು: ‘ಯಾರಾದ್ರೂ ಎತ್ರಪ್ಪೋ ನನ್ನ!’

ನಾನು ಕಾಂಪೌಂಡರನ್ನು ತಬ್ಬಿಕೊಂಡೆ. ‘ನೀನೇನಯ್ಯ ಇದನ್ನೆಲ್ಲ ಹೇಳಿಕೊಟ್ಟಿದ್ದು?’

‘ನಾನಲ್ಲ ಸಾರ್. ಯಾರೂ ಬರಬ್ಯಾಡಿ ಅಂತ ಹೇಳಾಣ ಅಂತಿದ್ದೆ ನಾನು. ನೆನ್ನೆ ಅಮ್ಮಾವ್ರು ಕೊಡೆ ಹಿಡ್ಕಂಡು ಬಂದ್ರು. ರಜಾ ಅಂತ ಗೊತ್ತಿಲ್ದೆ ಬಂದೋರ್ನೆಲ್ಲ ಜಗಲೀಲಿ ಕೂರ್ಸಿದ್ರು, ದೂರದೋರಿಗೆ ಫೋನ್ ಹಚ್ಚಿಸಿದ್ರು. ಇನ್‌ಸ್ಪೆಕ್ಷನ್ ಅಂದ್ರೆ ಹಾಜರಿ ಪೂರ್ತಿ ಇರ್ಬೇಕು, ಉತ್ತರ ತಪ್ಪಬಾರ್ದು, ಯಾರಿಗಾದ್ರೂ ಕಾಯ್ಲೆ ಇದ್ರೆ ಡಾಕ್ಟ್ರು ಫೇಲು ಅಂತ ತೆಗೆದುಹಾಕ್ತಾರೆ ಅಂದ್ರು. ಜನ ಹೆದರ್ಕಂಡ್ರು. ಎರಡು ಗಂಟೆ ಪ್ರಾಕ್ಟೀಸು ಸಾರ್. ಅವರ ಕೊಡೆ ತುದೀಲಿ ಎರಡೇಟೂ ಬಿತ್ತು, ಆ ಕೆಮ್ಮೋನಿಗೆ.’

ಎಲ್ಲರನ್ನೂ ನೋಡಿ, ಎಲ್ಲರ ಚಪ್ಪಲಿ ಸಾಲು ಕರಗಿದ ಮೇಲೆ ಮಧ್ಯಾಹ್ನ ಮನೆಗೆ ಹೋದೆ. ಎಲೆ ಹಾಕಿತ್ತು. ಅಟ್ಟದ ಮೇಲಿನ ಉಪ್ಪಿನಕಾಯಿ ಜಾಡಿ ಕೆಳಗೆ ಬಂದಿತ್ತು. ನನಗೆ ನಿಜವಾಗಿಯೂ ಕಣ್ಣು ತುಂಬಿ ಬಂತು. ‘ಕೊಟ್ಟುಬಿಡಿ ಅಂತಿದ್ದವಳು ನೀನೇ ನನ್ನ ಕ್ಲಿನಿಕ್ ಉಳಿಸಿದೆಯಲ್ಲೇ. ನನ್ನ ಜೀವ ಅಲ್ಲಿದೆ ಅಂತ ನಿನಗೆ ಗೊತ್ತಿತ್ತು, ಅಲ್ಲವೇ?’ ಎಂದೆ.

ಆಕೆ ಎಲೆಯ ತುದಿಗೆ ದೊಡ್ಡದೊಂದು ಮಾವಿನಕಾಯಿ ಹೋಳು ಬಡಿಸಿದಳು.

‘ನಿಮ್ಮ ಕ್ಲಿನಿಕ್ ಯಾರಿಗೆ ಬೇಕಾಗಿತ್ರೀ? ನಾನು ನನ್ನ ಅಡುಗೆಮನೆ ಉಳಿಸಿಕೊಂಡೆ’ ಎಂದಳು. ‘ಅಂದ ಹಾಗೆ, ನಾಳೆಯಿಂದ ಒಂಬತ್ತೂವರೆಗಲ್ಲ, ಎಂಟಕ್ಕೇ ಹೊರಡಿ. ಭಾನುವಾರವೂ ತೆಗೀತೀರಿ ಅಂತ ಜನಕ್ಕೆ ಹೇಳಿಬಿಟ್ಟಿದ್ದೀನಿ.’